ಗುಡ್ಡದ ಇಲಿಗಳೂ ತಿರುಪತಮ್ಮನ ತುಟಿಯೂ

ನಾನು ಕರಿಬಸಯ್ಯ. ನಾರಾಯಣಪೇಟೆಯ ನೇಕಾರರ ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ನಾನು ಬಾಯಿ ಬಿಟ್ಟರೆ ಓಣಿಯೆಲ್ಲ ಸುಮ್ಮನಾಗುತ್ತದೆ, ಅಂಥ ಸಿಟ್ಟಿನವನು. ನನ್ನ ಬಾಯಿ ಮುಚ್ಚಿಸುವವಳು ಒಬ್ಬಳೇ, ತಿರುಪತಮ್ಮ. “ಸ್ವಾಮೇರ, ತಕ್ಕಡಿಗೆ ಚಳಿಜ್ವರ ಬಂದೈತೇನ್ರೀ? ಹಂಗ್ಯಾಕ ನಡುಗಾಕ ಹತ್ತೈತಿ?” ಎಂದು ಗಿರಾಕಿಗಳ ಎದುರಿಗೇ ಕೇಳಿಬಿಡುತ್ತಾಳೆ. ಬೈಯಬೇಕೆಂದು ಬಾಯಿ ತೆರೆದರೆ ನಗು ಬಂದುಬಿಡುತ್ತದೆ.

ಅವಳ ಕಸುಬು ಎಳೆ ಹೊಸೆಯುವುದು. ಮಗ್ಗದ ಮೇಲೆ ಉದ್ದಕ್ಕೆ ಹರಡಿದ ನೂಲೇ ಹಾಸು. ಹಳೆ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೈಯಿಂದ ಹೊಸೆದು ಕೂಡಿಸಬೇಕು. ಒಂದು ಸೀರೆಯ ಅಗಲಕ್ಕೆ ಮೂರು ಸಾವಿರ ಎಳೆ. ಉಳಿದ ಹೆಂಗಸರು ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ತಿರುಪತಮ್ಮನಿಗೆ ಬೂದಿ ಎಂದರೆ ಆಗದು. “ಬಿಳಿ ನೂಲಿಗೆ ಮಸಿ ಹಚ್ಚೂದು ಏನ್ ಚಂದರೀ?” ಅನ್ನುತ್ತಾಳೆ. ಅವಳದು ಎಂಜಲಿನ ಕೆಲಸ. ಎಳೆಯನ್ನು ತುಟಿಗೆ ತಾಗಿಸಿ, ನಾಲಿಗೆಯ ತುದಿಯಿಂದ ಒದ್ದೆ ಮಾಡಿ ಹೊಸೆದರೆ ಮುಗಿಯಿತು, ಕೈ ಮುಂದಿನ ಎಳೆಗೆ ಹೋಗಿರುತ್ತದೆ. ಅವಳು ಕೂಡಿಸಿದ ಎಳೆ ಬಿಚ್ಚಿಕೊಂಡದ್ದನ್ನು ಯಾರೂ ಕಂಡಿಲ್ಲ. ಗಂಡ ಸತ್ತ ಮೇಲೆ ಮಗಳು ರಜಿನಿಯನ್ನು ಓದಿಸಿ ಮದುವೆ ಮಾಡಿದ್ದು ಇದೇ ಕೆಲಸದಿಂದ.

ಹೋದ ಬೇಸಿಗೆಯಲ್ಲಿ ಓಣಿಯ ಹಿಂದಿನ ಗುಡ್ಡಕ್ಕೆ ಜೆಸಿಬಿ ಬಂದವು. ಅದೇನು ದೊಡ್ಡ ಅಡವಿಯಲ್ಲ. ಸೀತಾಫಲ, ಬಾರೆ, ಕಾರೆ, ಜಾಲಿಯ ಕುರುಚಲು ಕಾಡು. ಆದರೆ ಅದರೊಳಗೆ ಮೊಲ, ಮುಂಗುಸಿ, ಅಳಿಲು, ನೂರೆಂಟು ಥರದ ಇಲಿ ತಮ್ಮ ಪಾಡಿಗೆ ತಾವು ಬದುಕಿದ್ದವು. ಪ್ಲಾಟ್ ಮಾಡುವವರು ಮೊದಲು ಬೆಂಕಿ ಹಚ್ಚಿದರು, ಆಮೇಲೆ ಬಗೆದರು. ಮೂರನೆಯ ದಿನ ಹಾಡುಹಗಲೇ ಒಂದು ಮೊಲ, ಬೆನ್ನಿನ ರೋಮ ಸುಟ್ಟುಕೊಂಡು, ನನ್ನ ಅಂಗಡಿಯ ಮುಂದೆ ಓಡಿತು. ನಾಯಿಗಳು ಅದನ್ನು ಚರಂಡಿ ದಾಟಲು ಬಿಡಲಿಲ್ಲ. ವಾರ ಕಳೆಯುವುದರೊಳಗೆ ಇಲಿಗಳು ಓಣಿಗೆ ನುಗ್ಗಿದವು. ಅವು ಮನೆಯ ಇಲಿಗಳಲ್ಲ. ದೊಡ್ಡ ಕಣ್ಣು, ಬಿಳಿ ಹೊಟ್ಟೆ, ಬಾಲದ ತುದಿಗೆ ಕುಚ್ಚು. ನನ್ನ ಕಡಲೆ ಚೀಲ ತೂತು ಮಾಡಿದವು. ನಾನು ಅವುಗಳ ಏಳು ತಲೆಮಾರನ್ನೂ ಬೈಯುತ್ತಿದ್ದೆ.

“ಅವುಗಳ ಮನಿ ಸುಟ್ಟು ಪ್ಲಾಟ್ ಮಾಡ್ಯಾರ,” ಅಂದಳು ತಿರುಪತಮ್ಮ. “ಅವು ಬಾಡಿಗಿ ಮನಿ ಹುಡುಕಾಕ ಹತ್ಯಾವು. ಬೈಯೂದಿದ್ರ ಗುಡ್ಡದ ಕಡೆ ಹೋಗಿ ಬೈರಿ, ಅಲ್ಲಿ ನಿಮ್ಮ ಬಾಯಿ ಏಳಂಗಿಲ್ಲ.”

ನಿಜ, ಏಳಲಿಲ್ಲ.

ಹಾಸಿನ ನೂಲಿಗೆ ಅಕ್ಕಿ ಗಂಜಿ ಸವರಿ ಒಣಗಿಸುತ್ತಾರಲ್ಲ, ಆ ಗಂಜಿಯ ಆಸೆಗೆ ಇಲಿಗಳು ನೂಲು ಕಡಿಯತೊಡಗಿದವು. ನೇಕಾರ ಮಾರ್ಕಂಡೇಯ ಮಕ್ತಲ್‌ನ ಮದುವೆಯೊಂದಕ್ಕೆ ಸೀರೆ ನೇಯುತ್ತಿದ್ದ. ಎರಡು ಸಲ ಅವನ ಹಾಸು ಚಿಂದಿಯಾಯಿತು. ಅಳುಮೋರೆ ಹಾಕಿಕೊಂಡು ಅಂಗಡಿಗೆ ಬಂದು ಇಲಿಪಾಷಾಣ ಕೇಳಿದ. ಬಿಳಿ ಪುಡಿಯ ಎರಡು ಪೊಟ್ಟಣ ಕೊಟ್ಟೆ.

“ನೋಡೋ, ತಿನ್ನೋ ಪದಾರ್ಥಕ್ಕ ಸೋಂಕಬಾರದು,” ಎಂದು ಗದರಿದೆ.

“ಅಡಿಗಿ ಮನಿ ಕಡೀಗೇ ಒಯ್ಯಂಗಿಲ್ರೀ ಸ್ವಾಮೇರ. ಮಗ್ಗದ ಖೋಲಿಗೆ ಅಷ್ಟ.”

ಅವನು ಸುಳ್ಳು ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯಲು ಹೋದರೆ ಮೆಟ್ಟಿಲ ಮೇಲೆ ಮುಂಗುಸಿ ಸತ್ತು ಬಿದ್ದಿತ್ತು. ಪಕ್ಕದಲ್ಲಿ ಅರ್ಧ ತಿಂದ ಇಲಿ. ಚರಂಡಿಯುದ್ದಕ್ಕೂ ನೋಡಿದೆ. ಅಳಿಲುಗಳು, ಸೊಂಡಿಲಿಗಳು, ಕಣ್ಣು ಬಿಡದ ಮರಿಗಳನ್ನು ಹೊಟ್ಟೆಗೆ ಕಚ್ಚಿಸಿಕೊಂಡೇ ಸತ್ತ ಒಂದು ತಾಯಿ. ಎಣಿಸುತ್ತ ಹೋಗಿ ಇಪ್ಪತ್ತಮೂರಕ್ಕೆ ನಿಲ್ಲಿಸಿದೆ. ಮರಿಗಳು ಇನ್ನೂ ಮಿಸುಕುತ್ತಿದ್ದವು. ಎರಡು ಪೊಟ್ಟಣದಿಂದ ಇಷ್ಟೊಂದು ಹೆಣ ಹೇಗೆ ಬಿದ್ದವು? ಮುಂಗುಸಿಯನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮಾರ್ಕಂಡೇಯನ ಮನೆಗೆ ನುಗ್ಗಿದೆ.

“ಎಲ್ಲಿ ಇಟ್ಟಿಯೋ ಅದನ್ನ, ಹಾಳಾದವ್ನೇ?”

ಅವನು ಹೆಮ್ಮೆಯಿಂದ ನಕ್ಕ. “ಇಡೂದೇನ್ರೀ? ಗಂಜ್ಯಾಗ ಕಲಸಿ ಹೊಸ ಹಾಸಿನ ನೂಲಿಗೇ ಸವರಿದೆ. ನೂಲು ಮುಟ್ಟಿದ್ದು ಒಂದೂ ಉಳಿದಿಲ್ಲ. ಈಗ ಕಸಬರಿಗಿ ಹಚ್ಚಿ ಎಲ್ಲಾ ಚರಂಡಿಗೆ ಹಾಕಿ ಬಂದೆ.”

“ಸ್ವಾಮೇರ, ಚೀಲದಾಗೇನು, ನನಗ ಬೆಲ್ಲ ತಂದೀರೇನು?”

ದನಿ ಮಗ್ಗದ ಖೋಲಿಯಿಂದ ಬಂತು. ಇಣುಕಿದೆ. ಹಳೆ ಹಾಸಿಗೂ ಹೊಸ ಹಾಸಿಗೂ ನಡುವೆ ತಿರುಪತಮ್ಮ ಕುಳಿತಿದ್ದಳು. ತುಟಿಗಳ ನಡುವೆ ಒಂದು ಬಿಳಿ ಎಳೆ. ಅರ್ಧ ಹಾಸು ಆಗಲೇ ಕೂಡಿಸಿಯಾಗಿತ್ತು.

ಕೈಯಿಂದ ಚೀಲ ಬಿತ್ತು. “ಉಗುಳು! ತಿರುಪತಮ್ಮಾ, ಉಗುಳು!” ಎಂದು ಕಿರುಚಿದೆ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು, ಚೀಲದಿಂದ ಹೊರಬಿದ್ದ ಮುಂಗುಸಿಯನ್ನು ನೋಡಿದಳು. ಬೆರಳಿನಿಂದ ನಾಲಿಗೆ ಮುಟ್ಟಿಕೊಂಡಳು.

“ಆಗಿನಿಂದ ಜುಮ್ ಅನ್ನಾಕ ಹತ್ತೈತಿ. ಚಟ್ನಿ ಖಾರ ಆಗಿತ್ತೇನೋ ಅಂದ್ಕೊಂಡೆ.”

ಮಾರ್ಕಂಡೇಯ ಅವಳ ಕೈಯಿಂದ ಎಳೆ ಕಿತ್ತುಕೊಂಡ. “ಅಯ್ಯೋ ದೇವುಡಾ! ಅಕ್ಕಾ, ನಾನು ನೂಲಿಗೆ ಹಾಕಿದ್ದೆ. ನೂಲಿಗೆ!” ಅವನು ಹುಟ್ಟಿದಾಗಿನಿಂದ ಆ ಬಾಯಿ ಎಳೆ ಹಿಡಿಯುವುದನ್ನು ನೋಡಿದವನು. ನಾನೂ ನೋಡಿದವನು. ಆದರೂ ಹಾಸಿನ ಗಂಜಿ ಯಾರ ಬಾಯಿಗಾದರೂ ಹೋಗುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ. ಇಲಿ ತಿನ್ನುತ್ತದೆ ಎಂಬುದೊಂದೇ ನಮ್ಮ ತಲೆಯಲ್ಲಿತ್ತು.

ಆಟೋದಲ್ಲಿ ದಾರಿಯುದ್ದಕ್ಕೂ ವಾಂತಿ. ದವಾಖಾನೆ ಮುಟ್ಟುವಷ್ಟರಲ್ಲಿ ಕೈಕಾಲು ಸೆಟೆದುಕೊಂಡವು. ಏನು ತಿಂದಳೆಂದು ಡಾಕ್ಟರು ಕೇಳಿದರು. “ಏನೂ ತಿಂದಿಲ್ರೀ ಸಾರ್. ಕೆಲಸ ಮಾಡಿದ್ಲು,” ಎಂದು ಮಾರ್ಕಂಡೇಯ ಹೋ ಎಂದು ಅತ್ತ. ಅಷ್ಟು ಬಲವಾದ ಮುಂಗುಸಿಯೇ ಉಳಿಯಲಿಲ್ಲ, ಈ ಒಣಕಡ್ಡಿಯಂಥ ಹೆಂಗಸು ಉಳಿದಾಳೇ ಎಂದು ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ.

ಉಳಿದಳು. ಒಂಬತ್ತನೆಯ ದಿನ ಮನೆಗೆ ಬಂದಳು.

ಆ ಹಾಸನ್ನು ಕತ್ತರಿಸಿ ಆಳವಾಗಿ ಹೂತರು. ಅಂಗಡಿಯಲ್ಲಿ ಉಳಿದಿದ್ದ ಪಾಷಾಣದ ಪೊಟ್ಟಣಗಳನ್ನು ನಾನು ಹಿಂದಕ್ಕೆ ಕಳಿಸಿದೆ. ಗುಡ್ಡವಂತೂ ತಿರುಗಿ ಬರುವುದಿಲ್ಲ. ಬದುಕಿದ ಇಲಿಗಳು ಈಗಲೂ ಓಣಿಯಲ್ಲೇ ಇವೆ, ಈಗಲೂ ನೂಲು ಕಡಿಯುತ್ತವೆ.

ತಿಂಗಳಾದ ಮೇಲೆ ಮಾರ್ಕಂಡೇಯ ಇನ್ನೊಂದು ಹಾಸು ಸಿದ್ಧ ಮಾಡಿ, ಅಂಜುತ್ತಲೇ ಅವಳನ್ನು ಕರೆದ. ತಟ್ಟೆಯಲ್ಲಿ ಬೂದಿ ಇಟ್ಟಿದ್ದ. ಅವಳು ತಟ್ಟೆಯನ್ನು ಆಚೆ ಸರಿಸಿದಳು.

“ಇದಕ್ಕ ಸವರಿದ ಗಂಜಿ ಉಳಿದೈತೇನು?”

“ಐತಿ ಅಕ್ಕಾ.”

“ತಾ. ಕುಡಿ.”

ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಮಾರ್ಕಂಡೇಯ ಗಂಜಿಯನ್ನು ಲೋಟಕ್ಕೆ ಸುರಿದು ಗಟಗಟ ಕುಡಿದ. ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ತಮಾಷೆ ಮಾಡುತ್ತಾಳೆಂದುಕೊಂಡೆ. ಮುಖದಲ್ಲಿ ನಗು ಇರಲಿಲ್ಲ.

“ಸ್ವಾಮೇರ, ನೀವೂ.”

ಅದರಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಅವನು ಕುಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ಲೋಟ ತುಟಿಗೆ ಬಂದಾಗ ನನ್ನ ಬಾಯಿ ತೆರೆಯಲಿಲ್ಲ.