ಮದಗದ ಕೆರೆಯ ಗೋಪುರಕ್ಕೆ ಅಪ್ಪನ ತಿದ್ದುಪಡಿ

ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು.

ಅರವತ್ತರ ದಶಕದ ಒಂದು ಬೆಳಿಗ್ಗೆ, ಮಾಸೂರಿನ ಮದಗದ ಕೆರೆಯಂಚಿನ ಜೌಗಿನಲ್ಲಿ, ಹೊಸ ಎಂಜಿನಿಯರನಾಗಿ ನಾನು ರಚಿಸಿದ್ದ ಮೊದಲ ವೀಕ್ಷಣಾ ಗೋಪುರದ ನಕ್ಷೆಯನ್ನು ಮೇಲಧಿಕಾರಿಗಳು ಪರಿಶೀಲಿಸುತ್ತಿದ್ದರು. ಓದಿದ ಮಗ ತಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ, ಮಗಳೂ ಓದಿದರೆ ಹಾಗೆಯೇ ಆಗುತ್ತಾಳೆಂದು ನನ್ನ ತಂಗಿಯನ್ನು ಶಾಲೆ ಬಿಡಿಸಿದ್ದ ಅಪ್ಪ, ಬುತ್ತಿ ಕೊಡಲು ಬಂದವರು ನಕ್ಷೆಯನ್ನು ಇಣುಕಿ ನೋಡಿದರು.

"ಕೆಸರಾಗ ಎಮ್ಮಿನೂ ಹಿಂಗ ಕಾಲು ಕೂಡಿಸಿ ನಿಂದ್ರೂದಿಲ್ಲೋ ತಮ್ಮಾ. ಹೊಲದಾಗ ಕಾವಲು ಅಟ್ಟ ಹಾಕಿದಂಗ ಕಾಲು ಅಗಲಿಸು, ಬುಡಕ್ಕ ಹಾಸುಗಲ್ಲು ಇಡು."

"ಯಾರ್ರೀ ಇವರು?" ಎಂದು ಅಧಿಕಾರಿಗಳು ಕೇಳಿದರು. ನಾನು ತುಸು ತಡವರಿಸಿ, "ನಮ್ಮಪ್ಪರಿ. ಅವರು ಹೇಳೂದು ಖರೇ ಐತ್ರಿ" ಎಂದು ಅಲ್ಲಿಯೇ ನಕ್ಷೆಯನ್ನು ತಿದ್ದಿದೆ.

ಗೋಪುರ ಅಪ್ಪ ಹೇಳಿದಂತೆಯೇ ಎದ್ದಿತು. ಅದು ಏಳುವ ಮೊದಲೇ, ನಕ್ಷೆ ತಿದ್ದಿದ ಮರುವಾರ, ಅವರು ತಾವಾಗಿಯೇ ತಂಗಿಯನ್ನು ಮರಳಿ ಶಾಲೆಗೆ ಸೇರಿಸಿದರು.