ಕಿರುಬೆರಳಿಗೆ ಜಾಗವಿಲ್ಲದ ಬೂಟು

ಸೈಕಲ್ ತುಳಿಯುವುದಕ್ಕೆಂದೇ ಬೇರೆ ಬೂಟು ಇರುವುದು ನನಗೆ ಇವತ್ತಿಗೂ ಶುದ್ಧ ದಡ್ಡತನವಾಗಿಯೇ ಕಾಣುತ್ತದೆ. ಜಗಳೂರು ತಾಲೂಕಿನಲ್ಲಿ ನರ್ಸಮ್ಮನಾಗಿದ್ದಾಗ ನಾನು ಬಿಳಿಚೋಡಿನ ಸುತ್ತಲ ಹಳ್ಳಿಗಳಿಗೆಲ್ಲ ಸೈಕಲ್ಲಿನಲ್ಲೇ ಹೋಗುತ್ತಿದ್ದೆ, ಹವಾಯಿ ಚಪ್ಪಲಿಯಲ್ಲಿ. ಬಾರು ಕಿತ್ತರೆ ಪಿನ್ನು ಸಿಗಿಸಿಕೊಂಡು ಮುಂದಕ್ಕೆ.

ನನ್ನ ಸೊಸೆ ಚನ್ನಗಿರಿಯ ಹೈಸ್ಕೂಲಿನಲ್ಲಿ ಆಟದ ಟೀಚರ್. ನಲವತ್ತು ದಾಟಿದ ಮೇಲೆ ಆಕೆಗೆ ಟ್ರಯಥ್ಲಾನ್ ಹುಚ್ಚು ಹತ್ತಿತು. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಇಳಿದವಳೇ ಓಡಬೇಕು. ಪೊಲೀಸರು ಬೆನ್ನಟ್ಟದೆ ಯಾರಾದರೂ ಹೀಗೆ ಮಾಡುತ್ತಾರೆಯೇ?

ನನ್ನ ಮಗ ಆಕೆಗೆ ತಿಳಿಯದಂತೆ ಸೈಕಲ್ ಬೂಟು ತರಿಸಿದ. ಅಳತೆ ತೆಗೆದದ್ದು ಹೇಗೆ? ಆಕೆ ಮದುವೆಮನೆಗಳಿಗೆ ಹಾಕುವ ಚಪ್ಪಲಿಯ ಅಡಿ ತಿರುಗಿಸಿ, ನಂಬರ್ ನೋಡಿ! ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ಪಾದ ಗೊತ್ತಿಲ್ಲ. ಬೂಟಿಗೆ ಗುಲಾಬಿ ಬಣ್ಣ, ಹಲಗೆಯಂಥ ಅಡಿ, ತಿರುಗಿಸಿದರೆ ತಂತಿ ಬಿಗಿಯುವ ಗುಂಡಿ. ಕೆಳಗೆ, ಪೆಡಲನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆ. ಅದನ್ನು ಹಾಕಿಕೊಂಡು ನಮ್ಮ ನಡುಮನೆಯ ಟೈಲ್ಸ್ ಮೇಲೆ ನಡೆದರೆ, ಎಣ್ಣೆ ಚೆಲ್ಲಿದ ನೆಲದ ಮೇಲೆ ಆಡು ಬಿಟ್ಟ ಹಾಗೆ.

ಕಳೆದ ವರ್ಷದ ಸ್ಪರ್ಧೆಯಲ್ಲಿ ಆಕೆ ಸೈಕಲ್ ಇಳಿದು, ಜನ ಒಳಗೆ ಬಾರದಂತೆ ಕಟ್ಟಿದ ಹಗ್ಗದಾಚೆ ನಿಂತಿದ್ದ ನನ್ನೆದುರೇ ಕುಸಿದು ಕೂತಳು.

“ಕಿರುಬೆರಳು ಐತೋ ಇಲ್ಲೋ ಗೊತ್ತಾಗ್ತಿಲ್ಲ ಅತ್ತೆ.”

ಆಕೆ ಓಡಲಿಲ್ಲ. ಮನೆಗೆ ಬಂದ ಮೇಲೆ ಮಗರಾಯ, “ವಯಸ್ಸಾತು ಬಿಡು, ಬೂಟು ಚೆನ್ನಾಗೇ ಐತೆ,” ಎಂದ. ಸೊಸೆ ಈ ವರ್ಷ ಮತ್ತೆ ಹೆಸರು ಕೊಟ್ಟಳು. ಈ ಸಲವೂ ಓಡಿ ಮುಗಿಸದಿದ್ದರೆ ಸೈಕಲ್ ಮಾರಿಬಿಡುತ್ತೇನೆ ಎಂದು ನನಗೊಬ್ಬಳಿಗೇ ಹೇಳಿದಳು. ಆಮೇಲೆ ನಾನು ಸುಮ್ಮನಿರಲಿಲ್ಲ.

ನನ್ನ ಕೆಲಸವೇ ಪಾದ ನೋಡುವುದಾಗಿತ್ತು. ಬಸುರಿಯರ ಕಾಲನ್ನು ಹೆಬ್ಬೆರಳಲ್ಲಿ ಒತ್ತಿ, ಕುಳಿ ಬಿತ್ತೇ ಎಂದು ನೋಡಿ ಊತ ಕಂಡುಹಿಡಿಯುತ್ತಿದ್ದೆ. ಬೆಳಗಿನ ಪಾದ ಬೇರೆ, ಸಂಜೆಯ ಪಾದ ಬೇರೆ ಎಂಬುದನ್ನು ಯಾವ ಯೂಟ್ಯೂಬ್ ವಿಡಿಯೋದವನೂ ನನಗೆ ಹೇಳಿಕೊಡಬೇಕಿಲ್ಲ. ಒಂದು ಭಾನುವಾರ ಸಂತೇಬೆನ್ನೂರಿನವರೆಗೆ ಸೈಕಲ್ ಹೊಡೆದು ಬಂದವಳನ್ನು ಹಳೇ ಪೇಪರಿನ ಮೇಲೆ ನಿಲ್ಲಿಸಿದೆ.

“ಕೂತ್ಕಂಡ್ರೆ ಆಗಲ್ವಾ ಅತ್ತೆ?”

“ಭಾರ ಬೀಳ್ಬೇಕು ಕಣವ್ವ. ಗಾಳ್ಯಾಗೆ ಎತ್ತಿ ಹಿಡಿದ್ರೆ ಎಲ್ಲರ ಕಾಲೂ ಸುಂದರಿ ಕಾಲೇ.”

ಎರಡೂ ಪಾದದ ಸುತ್ತ ಪೆನ್ನು ಎಳೆದು ಕತ್ತರಿಸಿದೆ. ಎಡಗಾಲು ತುಸು ಅಗಲ. ತವರೂರು ಸೊಕ್ಕೆಯಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಪಾದ, ಮುಂದೆ ಮುತ್ತುಗದ ಎಲೆಯಂತೆ ಬಿಚ್ಚಿಕೊಂಡಿತ್ತು. ಗುಲಾಬಿ ಬೂಟಿನ ಒಳಹಾಸು ಕಿತ್ತು ಆ ಪೇಪರಿನ ಮೇಲಿಟ್ಟರೆ, ಕಿರುಬೆರಳು ಪೂರ್ತಿ ಹೊರಗೆ!

ಪೇಪರಿನ ಪಾದಗಳನ್ನು ಪರ್ಸಿನಲ್ಲಿಟ್ಟುಕೊಂಡು ಇಬ್ಬರೂ ದಾವಣಗೆರೆಯ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಮರೆತೇಬಿಟ್ಟ.

“ಬೂಟು ಟೈಟ್ ಇರ್ಬೇಕು ಮೇಡಂ. ಇಲ್ಲಾಂದ್ರೆ ಪವರ್ ವೇಸ್ಟ್ ಆಗ್ತದೆ.”

“ಪವರ್ ಕಾಲಾಗೆ ಇರ್ತದೋ ಬೂಟ್ನಾಗೆ ಇರ್ತದೋ?” ಎಂದೆ ನಾನು.

“ಅಜ್ಜಿ, ಇದು ದೊಡ್ಡ ದೊಡ್ಡ ರೇಸಿನವ್ರು ಹಾಕೋದು.”

“ಅವ್ರಿಗೆ ಕಿರುಬೆರಳು ಇರಲ್ವೇನ್ರಿ?”

ಹೆಂಗಸರ ಬೂಟುಗಳೆಲ್ಲ ಹಲ್ಲಿಯ ಮೂತಿಯಂತೆ ಚೂಪು. ಗಂಡಸರದು ತೆಗೆಯಿರಿ ಎಂದೆ. ಸೊಸೆ ನನ್ನ ಸೆರಗು ಎಳೆದಳು.

“ಗಂಡಸ್ರದು ಬ್ಯಾಡ ಅತ್ತೆ, ಸ್ಕೂಲಾಗೆ ನಗ್ತಾರೆ.”

“ನಂಬರ್ ನೋಡಾಕೆ ಬಗ್ಗಿದವ್ರ ಮೂತಿಗೆ ಒದಿ. ಅಡಿಯಾಗೆ ಕೊಕ್ಕೆ ಹೆಂಗೂ ಐತೆ.”

ಕೊನೆಗೆ ಗಂಡಸರದೇ ಒಂದು ಕಪ್ಪು ಬೂಟು ಬಂತು. ಗುಂಡಿಯಿಲ್ಲ, ತಂತಿಯಿಲ್ಲ. ಮೇಲೆ ಅಗಲವಾದ ಒಂದೇ ಪಟ್ಟಿ, ಹಿಮ್ಮಡಿಯ ಬಳಿ ಬೆರಳು ತೂರಿಸಿ ಎಳೆಯಲು ಒಂದು ಕುಣಿಕೆ. ಒಳಹಾಸಿನ ಮೇಲೆ ನನ್ನ ಪೇಪರಿನ ಪಾದ ಸರಿಯಾಗಿ ಕೂತಿತು. ಆದರೂ ನನಗೆ ನಂಬಿಕೆ ಬರಲಿಲ್ಲ. ನೀರಿನಿಂದ ಎದ್ದು ಬಂದು ಹಾಕಿಕೊಳ್ಳುವ ಬೂಟಲ್ಲವೇ? ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಆಕೆಯ ಎರಡೂ ಕಾಲಿಗೆ ಸುರಿದೆ.

“ಅಯ್ಯೋ ಅಜ್ಜಿ, ಏನ್ ಮಾಡ್ತಿದ್ದೀರಿ!” ಅಂಗಡಿಯವನು ಕೂಗಿದ.

“ಟ್ರಯಥ್ಲಾನ್,” ಎಂದೆ.

ಒದ್ದೆ ಪಾದ ಸರ‍್ರನೆ ಒಳಗೆ ಹೋಯಿತು. ಅಂಗಡಿಯವನು ನೆಲ ಒರೆಸುತ್ತಿದ್ದಾಗ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಗುಲಾಬಿ ಬೂಟು ಈಗ ನನ್ನದು. ಅದಕ್ಕೆ ಫೋನ್ ಒರಗಿಸಿ ಒಂದೇ ಬೆರಳಲ್ಲಿ ಇದನ್ನೆಲ್ಲ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಅದರಿಂದ ಆಗುವ ಉಪಯೋಗ ಇಷ್ಟೇ.

ಈ ಸಲದ ಸ್ಪರ್ಧೆಯಲ್ಲೂ ಅದೇ ಹಗ್ಗದ ಪಕ್ಕ ನಿಂತೆ. ಬಿಸಿಲು ಏರಿತ್ತು. ಮಗನೂ ಜೊತೆಗಿದ್ದ, ಕುಸಿದರೆ ಎತ್ತಿಕೊಂಡು ಬರಲೆಂದು. ಆಕೆ ಸೈಕಲ್ ಇಳಿದು, ಕಪ್ಪು ಬೂಟು ಕಿತ್ತೆಸೆದು, ಓಡುವ ಬೂಟಿಗೆ ಕಾಲು ತೂರಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಕಿರುಬೆರಳು ಐತಾ?” ಎಂದು ಕೂಗಿದೆ. ಸುತ್ತಲಿನವರು ನನ್ನನ್ನು ಹುಚ್ಚಿಯಂತೆ ನೋಡಿದರು.

“ಐತೆ ಅತ್ತೆ, ಐತೆ!” ಎಂದವಳೇ ಓಡಿದಳು.