ಬೇಯದೆ ಉಳಿದ ಎಂಜಿನ್ ಕವರ್

ಶರಣಪ್ಪ, ರೆಸಿನ್ ಅಂಟಿನಲ್ಲಿ ನೀನು ಮೋಸ ಮಾಡಿರಲಿಲ್ಲ. ನಿನ್ನ ವಿಮಾನದ ಎಂಜಿನ್ ಕವರ್ ಬಾಗಿದ್ದು ನನ್ನ ತಪ್ಪಿನಿಂದ. ಇದು ನನಗೆ ಗೊತ್ತಾಗಿ ಮೂರು ವರ್ಷವಾಯಿತು. ಗೊತ್ತಿದ್ದೂ ನಿನ್ನನ್ನು ಎಲ್ಲರ ಕಣ್ಣಲ್ಲಿ ಕಳ್ಳನಾಗಿಯೇ ಉಳಿಸಿದೆ.

ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವನು ನಾನು. ಯಾವ ನಟ್ಟನ್ನೂ ನಂಬಬೇಡ, ಯಾರ ಮಾತನ್ನೂ ನಂಬಬೇಡ, ಕೈಯಿಟ್ಟು ನೋಡು — ಅಲ್ಲಿ ಕಲಿತದ್ದು ಇದು. ನಿವೃತ್ತನಾಗಿ ಕೊಪ್ಪಳಕ್ಕೆ ಬಂದ ಮೇಲೂ ಹಾಗೆಯೇ ಬದುಕಿದೆ. ಹಾಲಿನವನ ಅಳತೆ, ಗ್ಯಾಸ್ ಸಿಲಿಂಡರಿನ ಸೀಲು, ನನ್ನನ್ನು ಕಟ್ಟಿಕೊಂಡ ನಿಮ್ಮಕ್ಕ ಗಿರಿಜಾ ಫೋನಿನಲ್ಲಿ ನಿನ್ನೊಡನೆ ದನಿ ತಗ್ಗಿಸಿ ಮಾತಾಡಿದ್ದು — ಎಲ್ಲದರ ಹಿಂದೆಯೂ ಏನೋ ಇದೆ ಅನ್ನಿಸುತ್ತಿತ್ತು. ಸಂಶಯವನ್ನೇ ಶಿಸ್ತು ಅಂದುಕೊಂಡಿದ್ದೆ.

ಗಂಗಾವತಿಯಲ್ಲಿ ಫೈಬರ್ ಬಾಗಿಲು, ನೀರಿನ ಟ್ಯಾಂಕು ಮಾಡಿಕೊಂಡಿದ್ದ ನೀನು ಇಬ್ಬರು ಕೂರುವ ವಿಮಾನ ಕಟ್ಟಲು ಹೊರಟಾಗ ನಿನ್ನ ಶೆಡ್ಡಿನ ಎದುರಿನ ಅಕ್ಕಿ ಗಿರಣಿಯವರು ನಕ್ಕರು. "ಹಾರಿದ ಮ್ಯಾಲ ನಮ್ಮ ಗದ್ದಿಗೆ ಒಂದೀಟ ಗೊಬ್ಬರಾ ಒಗದ ಹೋಗಪ್ಪಾ" ಅಂದರು. ನಾನು ನಗಲಿಲ್ಲ. ಎಂಜಿನ್ ಕವರಿಗೆ ಏನೇನು ಬಳಸಬೇಕೆಂದು ನಾನೇ ಹೇಳುತ್ತೇನೆ ಅಂದೆ. ಟ್ಯಾಂಕಿಗೆ ಹಾಕುವ ಅಗ್ಗದ ರೆಸಿನ್ ಎಂಜಿನ್ನಿನ ಬಿಸಿಗೆ ನಿಲ್ಲುವುದಿಲ್ಲ. ನೀನು ಕಾರ್ಬನ್ ಬಟ್ಟೆಯ ಆಸೆ ಹೇಳಿದೆ. ಬಟ್ಟೆ ಯಾವುದಾದರೇನು, ಬಿಸಿಗೆ ಮೊದಲು ಸೋಲುವುದು ಅದನ್ನು ಹಿಡಿದಿಟ್ಟ ರೆಸಿನ್ ಅಂದೆ. ಕೊನೆಗೆ ಗಾಜಿನ ನೂಲಿನ ಬಟ್ಟೆ, ಬಿಸಿ ತಡೆಯುವ ಎಪಾಕ್ಸಿ ರೆಸಿನ್, ಸೈಲೆನ್ಸರ್ ಪೈಪಿನ ಎದುರು ಒಳಗಡೆ ಅಲ್ಯೂಮಿನಿಯಂ ಹಾಳೆ. ಆಯ್ಕೆ ಸರಿಯಾಗಿಯೇ ಇತ್ತು. ಅದೇ ನನ್ನನ್ನು ಈಗಲೂ ಚುಚ್ಚುತ್ತದೆ.

ಆ ರೆಸಿನ್ ಅಚ್ಚಿನಲ್ಲಿ ಗಟ್ಟಿಯಾದರೆ ಸಾಲದು. ಮೆಲ್ಲಗೆ ಕಾಯಿಸಿ, ಅದೇ ಬಿಸಿಯಲ್ಲಿ ಹಗಲಿಡೀ ಬೇಯಿಸಬೇಕು. ಆಗಲೇ ಅದು ಮುಂದೆ ಬಿಸಿಗೆ ಬಾಗುವುದಿಲ್ಲ. ಅಷ್ಟು ದೊಡ್ಡ ಒಲೆ ಎಲ್ಲಿಂದ ತರುವುದು? ಆ ಎದುರಿನ ಗಿರಣಿಯಲ್ಲೇ ಭತ್ತ ಒಣಗಿಸುವ ಡ್ರೈಯರ್ ಖಾಲಿ ನಿಂತಿತ್ತು. ಹೊಟ್ಟಿನ ಬೆಂಕಿ, ಬಿಸಿಗಾಳಿ. ಕವರನ್ನು ಅದರೊಳಗಿಟ್ಟೆವು. ಟ್ಯಾಂಕು ಕೂರಿಸಲು ಹುಲಿಹೈದರಕ್ಕೆ ಹೊರಟ ನೀನು ಬಾಗಿಲಲ್ಲಿ ನಿಂತು ಕೇಳಿದೆ, "ಬೆಂಕಿ ಆರದಂಗ ನೋಡ್ಕೋತೀರಲ್ರಿ ಮಾವಾರ?"

"ನನಗ ಹೇಳಿಕೊಡ್ತಿಯೇನು?" ಅಂದೆ.

ಮಧ್ಯಾಹ್ನ ನನ್ನ ಊಟದ ಹೊತ್ತಾಯಿತು. ಆ ಹೊತ್ತನ್ನು ನಾನು ಯಾರಿಗಾಗಿಯೂ ಮೀರಿದವನಲ್ಲ. ನಿನ್ನ ಮನೆಗೆ ಹೋಗಿ ಉಂಡೆ, ಎಂದಿನಂತೆ ಸ್ವಲ್ಪ ಒರಗಿದೆ. ಬಂದು ನೋಡಿದರೆ ಹೊಟ್ಟಿನ ಬೆಂಕಿ ಆರಿತ್ತು, ಡ್ರೈಯರಿನ ಬಾಗಿಲು ಬರೀ ಉಗುರುಬೆಚ್ಚಗಿತ್ತು. ಮತ್ತೆ ಹೊತ್ತಿಸಿ ಮೊದಲಿನಿಂದ ಕಾಯಿಸಿದರೆ ಕೊಪ್ಪಳದ ಬಸ್ಸು ತಪ್ಪುತ್ತಿತ್ತು. ಬೆಂದಷ್ಟು ಸಾಕು ಅಂದುಕೊಂಡೆ. ಯಾರನ್ನೂ ನಂಬದ ನಾನು ನನ್ನನ್ನು ಮಾತ್ರ ನಂಬಿದೆ. ಸಂಜೆ ನೀನು ಫೋನು ಮಾಡಿದಾಗ "ಛಲೋ ಬೆಂದೈತಿ" ಅಂದುಬಿಟ್ಟೆ.

ಎಂಜಿನ್ ಮೊದಲ ಸಲ ಚಾಲೂ ಮಾಡಿದ ದಿನ ಗಿರಣಿಯ ಕಟ್ಟೆಯ ತುಂಬ ಜನ. ಸ್ವಲ್ಪ ಹೊತ್ತಿಗೇ ಕವರಿನ ಕೆಳಭಾಗ ಜೋತು ಪೈಪಿಗೆ ತಾಗಿತು, ಸುಟ್ಟ ವಾಸನೆ ಎದ್ದಿತು, ನೀನು ಎಂಜಿನ್ ಆರಿಸಿದೆ. ಎಪಾಕ್ಸಿ ಡಬ್ಬಿಯಲ್ಲಿ ಇರಬೇಕಾದುದಕ್ಕಿಂತ ಕಡಿಮೆ ಉಳಿದಿದ್ದನ್ನು ನಾನು ಮೊದಲೇ ಕಂಡಿದ್ದೆ. ಮನಸ್ಸು ನೇರ ಅಲ್ಲಿಗೇ ಹೋಯಿತು. ಬೆಂಕಿ ಆರಿದ್ದು ಆಗ ನೆನಪಿಗೇ ಬರಲಿಲ್ಲವೇ? ಬಂದಿತ್ತು. ಬಂದದ್ದನ್ನು ಬದಿಗೆ ತಳ್ಳಿದೆ.

"ಎಪಾಕ್ಸಿ ಯಾರ ಟ್ಯಾಂಕಿಗೆ ಬಳದ್ಯೋ? ಇದಕ್ಕ ಆ ಅಗ್ಗದ್ದನ್ನ ಹಾಕೀದಿ, ಹೌದಿಲ್ಲೋ?"

"ಮೊದಲನೇ ಪದರ ಕೆಟ್ಟಿತ್ರಿ, ಕಿತ್ತು ಮತ್ತ ಹಾಕೇನ್ರಿ. ಮಾವಾರ, ಇದರಾಗ ಕೂತು ಹಾರಾಂವ ನಾನ ಅದೀನ್ರಿ. ನನ್ನ ಜೀವಕ್ಕ ನಾನ ಮೋಸಾ ಮಾಡ್ಕೋತೀನೇನ್ರಿ?"

"ಕಳ್ಳತನದ ಚಟ ಹತ್ತಿದಾಂವ ಎಲ್ಲಾನೂ ಮಾಡ್ತಾನ" ಅಂದೆ. ಯಾರೋ ಹಿಂದಿನಿಂದ ನಕ್ಕರು. ನೀನು ಶೆಡ್ಡಿನೊಳಗೆ ಹೋದೆ. ಆಮೇಲೆ ಎಂಜಿನ್ ಮಾರಿದೆ, ರೆಕ್ಕೆ ಬಿಚ್ಚಿ ಅಟ್ಟಕ್ಕೇರಿಸಿದೆ ಎಂದು ಕೇಳಿದೆ. ಆ ವರ್ಷ ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ನೀನು ಬರಲಿಲ್ಲ. ತಪ್ಪಿತಸ್ಥ ಹೆಂಗ್ ಬಂದಾನು ಎಂದು ಗಿರಿಜಾಗೆ ಹೇಳಿದೆ. ಅವಳು ಉಂಡಿ ಕಟ್ಟುವುದನ್ನೇ ಬಿಟ್ಟಳು.

ಮರುವರ್ಷ ಟ್ರಂಕು ಜೋಡಿಸುವಾಗ ಆ ಕವರಿನ ಅಂಚಿನಿಂದ ಕತ್ತರಿಸಿದ್ದ ಒಂದು ಪಟ್ಟಿ ಸಿಕ್ಕಿತು. ಮೋಸಕ್ಕೆ ಸಾಕ್ಷಿಯೆಂದು ಎತ್ತಿಟ್ಟಿದ್ದೆ. ಅದನ್ನು ಎರಡು ತುಂಡು ಮಾಡಿ, ಒಂದನ್ನು ಮನೆಯ ಕೇಕಿನ ಓವನ್ನಿನಲ್ಲಿ ಮೆಲ್ಲಗೆ ಕಾಯಿಸಿ ಹಗಲೆಲ್ಲ ಇಟ್ಟೆ. ಆಮೇಲೆ ಎರಡನ್ನೂ ಕುದಿಯುವ ನೀರಿಗೆ ಹಾಕಿದೆ. ಬೇಯದ ತುಂಡು ಚಿಮಟದಲ್ಲಿ ಹಿಡಿದರೆ ಬಾಗಿತು. ಬೆಂದದ್ದು ಕದಲಲಿಲ್ಲ. ಅಗ್ಗದ್ದಾಗಿದ್ದರೆ ಎಷ್ಟು ಬೇಯಿಸಿದರೂ ಬಾಗುತ್ತಿತ್ತು. ಒಂದೇ ಪಟ್ಟಿ, ಒಂದೇ ರೆಸಿನ್ — ನೀನು ಹಾಕಿದ ಎಪಾಕ್ಸಿಯೇ.

"ಚಾ ಮಾಡು ಪಾತ್ರಿಯೊಳಗ ಏನ್ ಕುದಸಾಕ ಹತ್ತೀರಿ?" ಎಂದು ಗಿರಿಜಾ ಬಂದಳು.

"ಒಡದ ಬಕೀಟಿನ ಚೂರು" ಅಂದೆ. ಎರಡೂ ತುಂಡನ್ನು ಕಸಕ್ಕೆ ಹಾಕಿದೆ.

ಅಂದಿನಿಂದ ಬೇರೊಂದು ಸಂಶಯ. ಆ ಮಧ್ಯಾಹ್ನ ಬೆಂಕಿ ಆರಿದ್ದನ್ನು ಗಿರಣಿಯ ಯಾರೋ ನೋಡಿರಬೇಕು, ನಿನಗೆ ಹೇಳಿಯೂ ಇರಬೇಕು. ಅಕ್ಕನ ಸಂಸಾರದ ಮುಖ ನೋಡಿ ನೀನು ಸುಮ್ಮನಿದ್ದೀಯಾ? ಅಥವಾ ಇದೂ, ನಿನ್ನ ಒಳ್ಳೆಯತನದ ಮೇಲೆ ನನ್ನ ತಪ್ಪನ್ನು ಹೊರಿಸುವ ಇನ್ನೊಂದು ನೆಪವೇ?

ಇವತ್ತು ಬೆಳಿಗ್ಗೆ ಗಿರಿಜಾಗೆ ಎಲ್ಲ ಹೇಳಿದೆ. ಅವಳು ಒಲೆ ಆರಿಸಿದಳು. "ನಾಕ ಪಂಚಮಿ ಹೋದುವಲ್ರಿ" ಅಂದಳು, ಅಷ್ಟೆ. ಆಮೇಲೆ ಉಂಡಿಗೆ ಎಳ್ಳು ಹುರಿಯಲು ಕೂತಳು.

ಈ ಸಲ ಪಂಚಮಿಗೆ ಕರೆಯಲು ನೀನು ಬರುವುದು ಬೇಡ. ಅವಳನ್ನು ನಾನೇ ಕರೆತರುತ್ತೇನೆ. ನಿನ್ನನ್ನು ಕಳ್ಳ ಅಂದ ಅದೇ ಕಟ್ಟೆಯ ಮೇಲೆ, ಅದೇ ಜನರ ಮುಂದೆ ನಿಂತು ಇದನ್ನು ಹೇಳುತ್ತೇನೆ. ಕೇಳಿ ನೀನು ಏನಾದರೂ ಅನ್ನು, ಇಲ್ಲವೇ ಶೆಡ್ಡಿನೊಳಗೆ ಹೋಗು. ನಾನು ಅಲ್ಲೇ ಕೂತಿರುತ್ತೇನೆ. ಊಟದ ಹೊತ್ತು ಮೀರಿದರೂ ಏಳುವುದಿಲ್ಲ.